ಫೈಲು ಎಲ್ಲಿ ಕೂತಿದೆ?



ನ್ಯಾಯಮೂರ್ತಿಗಳನ್ನು ಯಾರು ನೇಮಿಸಬೇಕು ಎಂಬ ಜಗಳಕ್ಕೆ ಈ ದೇಶದಲ್ಲಿ ಅರ್ಧ ಶತಮಾನ ದಾಟಿದೆ. ಅದು ದೆಹಲಿಯ ಜಗಳ, ದೊಡ್ಡವರ ಜಗಳ ಎಂದು ನಾವು ಸುಮ್ಮನಿದ್ದೇವೆ. ಆದರೆ ಅದರ ಮೊದಲ ಅಧ್ಯಾಯದಲ್ಲೇ ಕನ್ನಡದವರಿಬ್ಬರು ನಿಂತಿದ್ದಾರೆ. ಒಬ್ಬರು ಮೊಕದ್ದಮೆ ಹೂಡಿದವರು, ಇನ್ನೊಬ್ಬರು ಅದರ ತೀರ್ಪು ಬರೆದು ಪೆಟ್ಟು ತಿಂದವರು.

ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿಯವರು ಕೇರಳದ ಭೂಸುಧಾರಣಾ ಕಾಯ್ದೆಯನ್ನು ಪ್ರಶ್ನಿಸಿ 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಹದಿಮೂರು ನ್ಯಾಯಮೂರ್ತಿಗಳ ಪೀಠ 68 ದಿನ ವಾದ ಕೇಳಿತು. 1973ರ ಏಪ್ರಿಲ್ 24ರಂದು ಏಳಕ್ಕೆ ಆರರ ಬಹುಮತದಲ್ಲಿ, ಸಂವಿಧಾನದ ಮೂಲ ಸ್ವರೂಪವನ್ನು ಬದಲಿಸುವ ಅಧಿಕಾರ ಸಂಸತ್ತಿಗೂ ಇಲ್ಲ ಎಂದಿತು. ಆ ಏಳು ಮಂದಿಯಲ್ಲಿ ಒಬ್ಬರು ಕಾರ್ಕಳ ತಾಲ್ಲೂಕಿನ ಕೌಡೂರಿನ ಕೆ.ಎಸ್. ಹೆಗ್ಡೆ. ಮರುದಿನವೇ ಹೊಸ ಮುಖ್ಯ ನ್ಯಾಯಮೂರ್ತಿಯ ಹೆಸರು ಹೊರಬಿತ್ತು. ಸೇವಾ ಹಿರಿತನದಲ್ಲಿ ಮುಂದಿದ್ದ ಶೆಲತ್, ಹೆಗ್ಡೆ, ಗ್ರೋವರ್ ಮೂವರನ್ನೂ ದಾಟಿ, ಸರ್ಕಾರದ ಪರ ತೀರ್ಪು ಬರೆದಿದ್ದ ಎ.ಎನ್. ರೇ ಅವರಿಗೆ ಪಟ್ಟ ಕಟ್ಟಲಾಯಿತು. ಮೂವರೂ ರಾಜೀನಾಮೆ ಕೊಟ್ಟು ಹೊರಬಂದರು.

ಇಷ್ಟು ಕಥೆ ಪಠ್ಯಪುಸ್ತಕದಲ್ಲೂ ಸಿಗುತ್ತದೆ. ಅಲ್ಲಿ ಸಿಗದ ಒಂದು ಸಂಗತಿ ಇದೆ. ಇದೇ ಹೆಗ್ಡೆಯವರು 1952ರಿಂದ ಕಾಂಗ್ರೆಸ್ ಪಕ್ಷದ ರಾಜ್ಯಸಭಾ ಸದಸ್ಯರಾಗಿದ್ದರು. 1957ರಲ್ಲಿ ಆ ಸ್ಥಾನ ಬಿಟ್ಟರು, ಅದೇ ವರ್ಷ ಮೈಸೂರು ಹೈಕೋರ್ಟಿನ ನ್ಯಾಯಮೂರ್ತಿಯಾದರು. ಈಗಿನ ದಿನದಲ್ಲಿ ಹೀಗೇನಾದರೂ ನಡೆದರೆ ಟಿವಿಯವರು ಒಂದು ವಾರ ಬಿಡುತ್ತಿರಲಿಲ್ಲ. ಪಕ್ಷದವರು, ಪಕ್ಷದ ಸರ್ಕಾರದಿಂದಲೇ ನೇಮಕವಾದವರು, ಕೊನೆಗೆ ಅದೇ ಪಕ್ಷದ ಪ್ರಧಾನಿಗೆ ಆಗದ ತೀರ್ಪು ಬರೆದರು. ಆದ್ದರಿಂದ ನೇಮಿಸುವ ಕೈ ಯಾರದು ಎಂದು ನೋಡಿ ನ್ಯಾಯಮೂರ್ತಿಯ ಜಾತಕ ಬರೆಯಲು ಹೊರಟರೆ ಎಡವುತ್ತೇವೆ. ಹಾಗಾದರೆ ನೋಡಬೇಕಾದ್ದೇನು? ನನ್ನ ಈ ಹೊತ್ತಿನ ಮಾತೆಲ್ಲ ಅದರ ಸುತ್ತಲೇ.

ನೇಮಕದ ದಾರಿ ಹೇಗೆ ಬದಲಾಯಿತು ಎಂಬುದನ್ನು ಬೇಗ ಹೇಳಿ ಮುಗಿಸುತ್ತೇನೆ. 1981ರ ಡಿಸೆಂಬರಿನಲ್ಲಿ ಎಸ್.ಪಿ. ಗುಪ್ತಾ ಪ್ರಕರಣದ ಏಳು ನ್ಯಾಯಮೂರ್ತಿಗಳ ಪೀಠ ಸರ್ಕಾರದ ಮಾತೇ ಕೊನೆ ಎಂದಿತು. ಮುಂದೆ 1989ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಯಾದ, ನಮ್ಮ ಪಕ್ಕದ ಮಂಡ್ಯ ಜಿಲ್ಲೆಯ ಇ.ಎಸ್. ವೆಂಕಟರಾಮಯ್ಯನವರೂ ಆ ಪೀಠದಲ್ಲಿದ್ದರು. 1993ರ ಅಕ್ಟೋಬರ್ 6ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಅದನ್ನು ತಿರುಗಿಸಿ, ನ್ಯಾಯಮೂರ್ತಿಗಳ ಮಾತೇ ಕೊನೆ ಎಂದಿತು. 1998ರಲ್ಲಿ ಹೆಸರು ಆರಿಸುವ ಹಿರಿಯ ನ್ಯಾಯಮೂರ್ತಿಗಳ ಕೂಟ, ಅಂದರೆ ಕೊಲಿಜಿಯಂ, ಈಗಿನ ರೂಪಕ್ಕೆ ಬಂತು: ಸುಪ್ರೀಂ ಕೋರ್ಟಿನ ನೇಮಕಕ್ಕೆ ಐವರು, ಹೈಕೋರ್ಟಿನ ನೇಮಕಕ್ಕೆ ಮೂವರು. 2014ರಲ್ಲಿ ಸಂಸತ್ತು ರಾಷ್ಟ್ರೀಯ ನ್ಯಾಯಾಂಗ ನೇಮಕಾತಿ ಆಯೋಗವನ್ನು ತಂದಿತು. ಅದರಲ್ಲಿ ಮೂವರು ನ್ಯಾಯಮೂರ್ತಿಗಳು, ಕಾನೂನು ಮಂತ್ರಿ, ಇಬ್ಬರು ಗಣ್ಯರು. ಈ ಆರರಲ್ಲಿ ಯಾರಾದರೂ ಇಬ್ಬರು ಬೇಡವೆಂದರೆ ಹೆಸರು ಬಿದ್ದಂತೆ. 2015ರ ಅಕ್ಟೋಬರ್ 16ರಂದು ಸುಪ್ರೀಂ ಕೋರ್ಟು ನಾಲ್ಕಕ್ಕೆ ಒಂದರಂತೆ ಅದನ್ನು ರದ್ದು ಮಾಡಿತು. ಅಲ್ಲಿಂದಾಚೆಗೆ ಎರಡೂ ಕಡೆಯವರು ಒಂದೇ ಪ್ರಶ್ನೆ ಹಿಡಿದು ಕೂತಿದ್ದಾರೆ: ಮೇಜಿನ ಸುತ್ತ ಯಾರ್ಯಾರು ಇರಬೇಕು?

ನನಗೆ ಆ ಪ್ರಶ್ನೆಗಿಂತ ಅದೇ ಮೇಜಿನ ಮೇಲೆ ಬಿದ್ದಿರುವ ಫೈಲು ದೊಡ್ಡದಾಗಿ ಕಾಣುತ್ತದೆ.

ಹೈಕೋರ್ಟಿಗೆ ಒಬ್ಬ ನ್ಯಾಯಮೂರ್ತಿ ಬರುವ ಬಗೆ ಹೀಗೆ. ಬೆಂಗಳೂರಿನಲ್ಲಿ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳು ತಮ್ಮ ಇಬ್ಬರು ಹಿರಿಯ ಸಹೋದ್ಯೋಗಿಗಳ ಜೊತೆ ಕೂತು ಹೆಸರು ಆರಿಸುತ್ತಾರೆ. ಅದು ಮುಖ್ಯಮಂತ್ರಿಗೆ ಮತ್ತು ರಾಜ್ಯಪಾಲರಿಗೆ ಹೋಗುತ್ತದೆ, ಅಲ್ಲಿಂದ ಕೇಂದ್ರದ ಕಾನೂನು ಮಂತ್ರಿಗೆ. ಗುಪ್ತಚರ ಇಲಾಖೆಯ ವರದಿಯೂ ಸೇರಿ ಸುಪ್ರೀಂ ಕೋರ್ಟಿನ ಕೊಲಿಜಿಯಂಗೆ ಬಂದು, ಅವರು ಸೈ ಎಂದ ಮೇಲೆ ಮತ್ತೆ ಕಾನೂನು ಮಂತ್ರಿ, ಪ್ರಧಾನಿ, ರಾಷ್ಟ್ರಪತಿ. ಈ ಕ್ರಮವನ್ನು ಬರೆದಿಟ್ಟ ಕಾರ್ಯವಿಧಾನದ ಟಿಪ್ಪಣಿಯಲ್ಲಿ ಒಂದು ಸ್ವಾರಸ್ಯವಿದೆ. ರಾಜ್ಯ ಸರ್ಕಾರ ಆರು ವಾರದೊಳಗೆ ಅಭಿಪ್ರಾಯ ಕಳಿಸಬೇಕು. ಕಳಿಸದಿದ್ದರೆ ಅದಕ್ಕೆ ಹೇಳುವುದೇನೂ ಇಲ್ಲವೆಂದು ಭಾವಿಸಿ ಕಾನೂನು ಮಂತ್ರಿ ಮುಂದಿನ ಹೆಜ್ಜೆ ಇಡಬಹುದು. ಕಾನೂನು ಮಂತ್ರಿಯೂ ಕೊಲಿಜಿಯಂ ಹೇಳಿದ ಮೇಲೆ ಮೂರು ವಾರದಲ್ಲಿ ಪ್ರಧಾನಿಯ ಮುಂದೆ ಫೈಲು ಇಡಬೇಕು. ಆಮೇಲೆ? ಆಮೇಲೆ ಗಡುವೇ ಇಲ್ಲ. ವಿಧಾನಸೌಧ ಸುಮ್ಮನೆ ಕೂತರೆ ಏನು ಮಾಡಬೇಕೆಂದು ಬರೆದವರು, ದೆಹಲಿ ಸುಮ್ಮನೆ ಕೂತರೆ ಏನು ಮಾಡಬೇಕೆಂದು ಬರೆಯಲಿಲ್ಲ.

ಒಂದೇ ಪಕ್ಷ ಎಲ್ಲೆಡೆ ಆಳುತ್ತಿದ್ದ ಕಾಲದಲ್ಲಿ ಈ ಖಾಲಿ ಜಾಗ ಯಾರ ಕಣ್ಣಿಗೂ ಬೀಳಲಿಲ್ಲ. ಬೆಂಗಳೂರಿನಲ್ಲಿ ಒಂದು ಪಕ್ಷ, ದೆಹಲಿಯಲ್ಲಿ ಇನ್ನೊಂದು, ರಾಜಭವನದಲ್ಲಿ ದೆಹಲಿ ಕಳಿಸಿದವರು, ಕೊಲಿಜಿಯಂನಲ್ಲಿ ಯಾರ ಮಾತಿಗೂ ಸಿಗದ ನ್ಯಾಯಮೂರ್ತಿಗಳು. ಅಧಿಕಾರ ಹೀಗೆ ಹರಿದು ಹಂಚಿಹೋದಾಗ ಯಾರೂ ಬಾಯಿಬಿಟ್ಟು ಬೇಡ ಎನ್ನುವುದಿಲ್ಲ. ಬೇಡ ಎಂದರೆ ಕಾರಣ ಕೊಡಬೇಕು, ಕಾರಣ ಕೊಟ್ಟರೆ ಉತ್ತರ ಬರುತ್ತದೆ. ಸುಮ್ಮನೆ ಕೂತರೆ ಯಾವ ತಾಪತ್ರಯವೂ ಇಲ್ಲ.

ಬೆಳಗಾವಿಯಲ್ಲಿ ಪ್ರಧಾನ ಜಿಲ್ಲಾ ನ್ಯಾಯಾಧೀಶರಾಗಿದ್ದ ಪಿ. ಕೃಷ್ಣ ಭಟ್ ಅವರ ಪ್ರಕರಣ ನೋಡಿ. 2016ರಲ್ಲಿ ಕೊಲಿಜಿಯಂ ಅವರ ಹೆಸರನ್ನು ಇನ್ನೂ ಕೆಲವರ ಜೊತೆ ಕರ್ನಾಟಕ ಹೈಕೋರ್ಟಿಗೆ ಶಿಫಾರಸು ಮಾಡಿತು. ಉಳಿದವರ ನೇಮಕವಾಯಿತು, ಇವರದು ನಿಂತಿತು. ಅವರ ಮೇಲೆ ಒಂದು ದೂರಿತ್ತು. ಹೈಕೋರ್ಟು ವಿಚಾರಣೆ ಮಾಡಿಸಿತು, ದೂರಿನಲ್ಲಿ ಹುರುಳಿಲ್ಲ ಎಂದು ವರದಿ ಬಂತು, 2017ರಲ್ಲಿ ಕೊಲಿಜಿಯಂ ಅದೇ ಹೆಸರನ್ನು ಮತ್ತೆ ಹೇಳಿತು. ಆಗಲಾದರೂ ಕೇಂದ್ರ ಒಪ್ಪಬೇಕಿತ್ತು, ಇಲ್ಲವೇ ಒಪ್ಪದ ಕಾರಣವನ್ನು ಕೊಲಿಜಿಯಂಗೆ ಹೇಳಬೇಕಿತ್ತು. ಎರಡೂ ಆಗಲಿಲ್ಲ. ಕೇಂದ್ರ ನೇರವಾಗಿ ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗೆ ಬರೆಯಿತು, ಹಳೇ ದೂರು ಮತ್ತೆ ತೆರೆಯಿತು. 2018ರ ಮಾರ್ಚಿನಲ್ಲಿ ನ್ಯಾಯಮೂರ್ತಿ ಚೆಲಮೇಶ್ವರ್ ಇದನ್ನು ಖಂಡಿಸಿ ಭಾರತದ ಮುಖ್ಯ ನ್ಯಾಯಮೂರ್ತಿಗೂ ಸುಪ್ರೀಂ ಕೋರ್ಟಿನ ಎಲ್ಲ ನ್ಯಾಯಮೂರ್ತಿಗಳಿಗೂ ಪತ್ರ ಬರೆದರು. ಕೃಷ್ಣ ಭಟ್ ಹೈಕೋರ್ಟಿನ ಪೀಠಕ್ಕೆ ಬಂದಾಗ 2020. ಅರವತ್ತೆರಡಕ್ಕೆ ನಿವೃತ್ತಿಯಾಗುವ ಹುದ್ದೆಯಲ್ಲಿ ನಾಲ್ಕು ವರ್ಷ ಎಂದರೆ ಏನೆಂದು ಸಂಬಳದಲ್ಲಿರುವವರಿಗೆಲ್ಲ ಗೊತ್ತು.

ಅವರಿಗೆ ಕೊನೆಗಾದರೂ ಸಿಕ್ಕಿತು. ಹಿರಿಯ ವಕೀಲ ಆದಿತ್ಯ ಸೋಂಧಿಯವರ ಹೆಸರನ್ನು ಕೊಲಿಜಿಯಂ 2021ರಲ್ಲಿ ಒಮ್ಮೆ ಹೇಳಿ, ಅದೇ ವರ್ಷ ಎರಡನೇ ಸಲವೂ ಹೇಳಿತು. ಒಂದು ವರ್ಷ ಕಾದ ಮೇಲೆ 2022ರ ಫೆಬ್ರವರಿಯಲ್ಲಿ ಅವರು ತಮ್ಮ ಒಪ್ಪಿಗೆಯನ್ನು ಹಿಂದಕ್ಕೆ ಪಡೆದರು. ವಕೀಲ ನಾಗೇಂದ್ರ ರಾಮಚಂದ್ರ ನಾಯ್ಕರ ಹೆಸರನ್ನಂತೂ 2019ರಲ್ಲಿ ಮೊದಲು ಹೇಳಿದ ಕೊಲಿಜಿಯಂ, 2023ರ ಜನವರಿಯಲ್ಲಿ ಮೂರನೇ ಬಾರಿ ಪುನರುಚ್ಚರಿಸಿತು. 1993ರ ತೀರ್ಪಿನ ಪ್ರಕಾರ ಪುನರುಚ್ಚರಿಸಿದ ಮೇಲೆ ಸರ್ಕಾರ ನೇಮಿಸಲೇಬೇಕು. ಎಂದಿನೊಳಗೆ ಎಂದು ಆ ತೀರ್ಪು ದಿನ ಕಟ್ಟಲಿಲ್ಲ.

2021ರ ಏಪ್ರಿಲ್ 20ರಂದು ಸುಪ್ರೀಂ ಕೋರ್ಟೇ ದಿನ ಕಟ್ಟಿತು: ಗುಪ್ತಚರ ವರದಿಗೆ ನಾಲ್ಕರಿಂದ ಆರು ವಾರ, ಸರ್ಕಾರಕ್ಕೆ ಎಂಟರಿಂದ ಹನ್ನೆರಡು ವಾರ, ಒಮ್ಮತದಿಂದ ಪುನರುಚ್ಚರಿಸಿದರೆ ಮೂರು ನಾಲ್ಕು ವಾರದಲ್ಲಿ ನೇಮಕ. ಅದು ಪಾಲನೆಯಾಗಲಿಲ್ಲ ಎಂದು ಕೋರ್ಟಿಗೆ ಹೋದವರು ಬೆಂಗಳೂರಿನ ವಕೀಲರ ಸಂಘದವರು. ಕಾನೂನು ಇಲಾಖೆಯ ಕಾರ್ಯದರ್ಶಿಯ ಮೇಲೆ ನ್ಯಾಯಾಂಗ ನಿಂದನೆ ಅರ್ಜಿ. ನ್ಯಾಯಮೂರ್ತಿ ಸಂಜಯ್ ಕಿಶನ್ ಕೌಲ್ ವಾಯಿದೆಯ ಮೇಲೆ ವಾಯಿದೆ ಹಾಕಿ ವಿಚಾರಿಸುತ್ತಿದ್ದಷ್ಟು ದಿನ ಒಂದಿಷ್ಟು ಫೈಲುಗಳು ಅಲ್ಲಾಡಿದವು. 2023ರ ಡಿಸೆಂಬರ್ 5ರಂದು ಆ ಅರ್ಜಿ ದಿನದ ಪಟ್ಟಿಯಿಂದ ಮಾಯವಾಯಿತು. ತೆಗೆದವನು ನಾನಲ್ಲ ಎಂದು ಕೌಲ್ ಅವರೇ ತೆರೆದ ಕೋರ್ಟಿನಲ್ಲಿ ಹೇಳಿದರು. ಅದೇ ತಿಂಗಳು ಅವರು ನಿವೃತ್ತರಾದರು.

ಇಲ್ಲಿಗೆ ಸರ್ಕಾರವನ್ನಷ್ಟೇ ಬೈದು ನಿಲ್ಲಿಸಿದರೆ ನ್ಯಾಯವಾಗುವುದಿಲ್ಲ. ಕೊಲಿಜಿಯಂಗೂ ಮೌನದ ಚಟ ಇದೆ. 2017ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಹೈಕೋರ್ಟಿನಲ್ಲಿ ಹಿರಿತನದಲ್ಲಿ ಎರಡನೆಯವರಾಗಿದ್ದ ಜಯಂತ್ ಪಟೇಲ್ ಅವರನ್ನು ಅಲಹಾಬಾದಿಗೆ ವರ್ಗ ಮಾಡಲಾಯಿತು. ಇನ್ನೇನು ಇಲ್ಲಿ ಹಂಗಾಮಿ ಮುಖ್ಯ ನ್ಯಾಯಮೂರ್ತಿ ಆಗುತ್ತಾರೆ ಎನ್ನುವಾಗ ಈ ವರ್ಗಾವಣೆ. ಕಾರಣ ಹೇಳಲಿಲ್ಲ. ಅವರು ರಾಜೀನಾಮೆ ಕೊಟ್ಟರು, ಕರ್ನಾಟಕದ ವಕೀಲರೂ ಗುಜರಾತಿನ ವಕೀಲರೂ ಪ್ರತಿಭಟಿಸಿದರು. ಕೆಲವೇ ದಿನಗಳಲ್ಲಿ, ಅಕ್ಟೋಬರ್ 3ರಂದು, ಕೊಲಿಜಿಯಂ ತನ್ನ ನಿರ್ಣಯಗಳನ್ನು ಜಾಲತಾಣದಲ್ಲಿ ಹಾಕುವುದಾಗಿ ತೀರ್ಮಾನಿಸಿತು. ಒಳ್ಳೆಯ ಹೆಜ್ಜೆ. ಆದರೆ 2025ರ ಆಗಸ್ಟಿನಲ್ಲಿ, ವೆಂಕಟರಾಮಯ್ಯನವರ ಮಗಳು ನ್ಯಾಯಮೂರ್ತಿ ಬಿ.ವಿ. ನಾಗರತ್ನ ಕೊಲಿಜಿಯಂ ಒಳಗೆ ಒಂದು ಹೆಸರಿಗೆ ಭಿನ್ನಮತ ಬರೆದಾಗ, ಆ ಭಿನ್ನಮತ ನಾಡಿಗೆ ತಿಳಿದದ್ದು ಪತ್ರಿಕೆಗಳಿಂದ. ಕೋರ್ಟಿನ ಪ್ರಕಟಣೆಯಲ್ಲಿ ಅದರ ಸುಳಿವಿರಲಿಲ್ಲ.

ಒಂದು ಮಾತು ಎದುರಾಗುತ್ತದೆ: ತಡೆದದ್ದೇ ಒಳ್ಳೆಯದಾದ ಉದಾಹರಣೆ ಇಲ್ಲವೇ? ಇದೆ, ಅದೂ ನಮ್ಮ ಹೈಕೋರ್ಟಿನದೇ. 2009ರಲ್ಲಿ ಇಲ್ಲಿನ ಮುಖ್ಯ ನ್ಯಾಯಮೂರ್ತಿ ಪಿ.ಡಿ. ದಿನಕರನ್ ಅವರನ್ನು ಸುಪ್ರೀಂ ಕೋರ್ಟಿಗೆ ತೆಗೆದುಕೊಳ್ಳಲು ಕೊಲಿಜಿಯಂ ಹೊರಟಾಗ, ತಮಿಳುನಾಡಿನ ವಕೀಲರು ಭೂ ಒತ್ತುವರಿಯ ಆರೋಪಗಳನ್ನು ಬರೆದು ಕೊಟ್ಟರು. ಜಿಲ್ಲಾಧಿಕಾರಿಯ ವರದಿ ಬಂತು, ಬಡ್ತಿ ನಿಂತಿತು. ಅವರು ಸಿಕ್ಕಿಂಗೆ ವರ್ಗವಾಗಿ 2011ರ ಜುಲೈಯಲ್ಲಿ ರಾಜೀನಾಮೆ ಕೊಟ್ಟರು. ಅಲ್ಲಿ ಆಕ್ಷೇಪ ಕಾಗದದ ಮೇಲಿತ್ತು, ಬರೆದವರ ಸಹಿ ಇತ್ತು, ದಿನಕರನ್ ಅವರಿಗೆ ಉತ್ತರ ಕೊಡಲು ಅವಕಾಶವಿತ್ತು. ನನ್ನ ತಕರಾರು ತಡೆಯುವುದರ ಮೇಲಲ್ಲ, ಬಾಯಿ ಮುಚ್ಚಿಕೊಂಡು ತಡೆಯುವುದರ ಮೇಲೆ.

ಈ ಸಭೆಯಲ್ಲಿರುವ ಅರ್ಧ ಜನ ತಂಬಾಕು ಬೆಳೆಗಾರರು. ಕಂಪಲಾಪುರದ ಹರಾಜು ಮಾರುಕಟ್ಟೆಗೆ ಬೇಲು ಒಯ್ದ ದಿನ ಏನಾಗುತ್ತದೆ? ಬೆಲೆ ಕಟ್ಟಿದರೆ ಕಟ್ಟಿದರು. ಯಾವ ಕಂಪನಿಯವರೂ ಕೊಳ್ಳದಿದ್ದರೆ ನೋ ಬಿಡ್ ಎಂದು ಬರೆದೇ ಕಳಿಸುತ್ತಾರೆ. ಹೊಟ್ಟೆ ಉರಿಯುತ್ತದೆ, ಆದರೆ ಆ ಸಂಜೆಗೇ ಬೇಲು ಎತ್ತಿನಗಾಡಿಗೋ ಟೆಂಪೋಗೋ ಏರುತ್ತದೆ. ಬಿಚ್ಚಿ, ಗ್ರೇಡು ತಿರುವಿ, ಇನ್ನೊಂದು ದಿನ ತರಬಹುದು. ನಾಗೇಂದ್ರ ನಾಯ್ಕರಿಗೆ ಅಷ್ಟು ಮರ್ಯಾದೆಯೂ ಸಿಗಲಿಲ್ಲ.

ಮೇಜಿನ ಸುತ್ತ ಕೂರುವವರನ್ನು ಬದಲಿಸಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿಗೆ ನಮ್ಮ ಲೋಕಾಯುಕ್ತದ ಕಥೆ ಹೇಳಬೇಕು. ಅದು ನ್ಯಾಯಾಲಯವಲ್ಲ, ಆದರೆ ಅಲ್ಲಿ ಕೂರುವವರು ನಿವೃತ್ತ ನ್ಯಾಯಮೂರ್ತಿಗಳು. ಅವರನ್ನು ಆರಿಸಲು 1984ರ ಕಾಯ್ದೆ ದೊಡ್ಡ ಮೇಜನ್ನೇ ಹಾಕಿದೆ. ಮುಖ್ಯಮಂತ್ರಿಯ ಸಲಹೆಯಂತೆ ರಾಜ್ಯಪಾಲರು ನೇಮಿಸಬೇಕು. ಅದಕ್ಕೆ ಮುಂಚೆ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ, ಪರಿಷತ್ತಿನ ಸಭಾಪತಿ, ವಿಧಾನಸಭಾಧ್ಯಕ್ಷರು, ಎರಡೂ ಸದನಗಳ ವಿರೋಧ ಪಕ್ಷದ ನಾಯಕರು, ಈ ಐವರನ್ನೂ ಕೇಳಬೇಕು. ವಿರೋಧ ಪಕ್ಷಕ್ಕೂ ಪಾಲು, ನ್ಯಾಯಾಂಗಕ್ಕೂ ಪಾಲು, ಸದನಕ್ಕೂ ಪಾಲು. ದೆಹಲಿಯ ಆಯೋಗಕ್ಕಿಂತ ಇದು ಉದಾರವಾದ ಏರ್ಪಾಡು.

ನಡೆದದ್ದೇನು? ಕೆ.ಎಸ್. ಹೆಗ್ಡೆಯವರ ಮಗ ಸಂತೋಷ್ ಹೆಗ್ಡೆ ಅಕ್ರಮ ಗಣಿಗಾರಿಕೆಯ ವರದಿ ಕೊಟ್ಟು 2011ರ ಆಗಸ್ಟಿನಲ್ಲಿ ಲೋಕಾಯುಕ್ತದಿಂದ ಇಳಿದರು. ನಂತರ ಬಂದ ಶಿವರಾಜ ಪಾಟೀಲರು ತಾವು ಪಡೆದ ನಿವೇಶನದ ಬಗ್ಗೆ ಟೀಕೆ ಎದ್ದಾಗ ಸೆಪ್ಟೆಂಬರಿನಲ್ಲೇ ರಾಜೀನಾಮೆ ಕೊಟ್ಟರು. ಆಗ ವಿಧಾನಸೌಧದಲ್ಲಿ ಬಿಜೆಪಿಯ ಸದಾನಂದ ಗೌಡರ ಸರ್ಕಾರ, ರಾಜಭವನದಲ್ಲಿ ಕಾಂಗ್ರೆಸ್ಸಿನಿಂದ ಬಂದ ಎಚ್.ಆರ್. ಭಾರದ್ವಾಜ್. ಸರ್ಕಾರ ಎಸ್.ಆರ್. ಬನ್ನೂರಮಠರ ಹೆಸರು ಕಳಿಸಿತು, ರಾಜ್ಯಪಾಲರು ಒಪ್ಪಲಿಲ್ಲ. ಹಗ್ಗಜಗ್ಗಾಟ ನಡೆದೇ ನಡೆಯಿತು. ಕುರ್ಚಿ ತುಂಬಿದ್ದು 2013ರ ಫೆಬ್ರವರಿಯಲ್ಲಿ, ವೈ. ಭಾಸ್ಕರ ರಾವ್ ಬಂದಾಗ. ನಡುವೆ 2012ರ ಜನವರಿಯಲ್ಲಿ ಉಪಲೋಕಾಯುಕ್ತರಾಗಿ ಚಂದ್ರಶೇಖರಯ್ಯನವರನ್ನು ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯನ್ನು ಕೇಳದೆ ನೇಮಿಸಿ, ಆ ನೇಮಕ ಹೈಕೋರ್ಟಿನಲ್ಲಿ ಬಿತ್ತು. ಮುಖ್ಯ ನ್ಯಾಯಮೂರ್ತಿಯನ್ನು ಕೇಳದೆ ಮಾಡಿದ ನೇಮಕ ಸಲ್ಲದು, ಆದರೆ ಅವರ ಮಾತೇ ಕೊನೆಯೂ ಅಲ್ಲ ಎಂದು 2013ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿತು.

ಪಕ್ಷಗಳು ಜಾಗ ಬದಲಿಸಿಕೊಂಡವು, ಆಟ ಬದಲಾಗಲಿಲ್ಲ. 2015ರ ಡಿಸೆಂಬರಿನಲ್ಲಿ ಭಾಸ್ಕರ ರಾವ್ ಹೊರಟರು. ಆಗ ವಿಧಾನಸೌಧದಲ್ಲಿ ಕಾಂಗ್ರೆಸ್ಸಿನ, ನಮ್ಮ ಮೈಸೂರು ಜಿಲ್ಲೆಯವರೇ ಆದ ಸಿದ್ದರಾಮಯ್ಯ. ರಾಜಭವನದಲ್ಲಿ ಗುಜರಾತಿನ ಬಿಜೆಪಿಯಿಂದ ಬಂದ ವಜೂಭಾಯಿ ವಾಲಾ. ಎಸ್.ಆರ್. ನಾಯಕರ ಹೆಸರು ರಾಜಭವನಕ್ಕೆ ಹೋಯಿತು, ವಾಪಸು ಬಂತು. ಪಿ. ವಿಶ್ವನಾಥ ಶೆಟ್ಟರು ಅಧಿಕಾರ ವಹಿಸಿಕೊಂಡಾಗ 2017ರ ಜನವರಿ ಕೊನೆ. ಮೊದಲ ಸಲ ಕಾಂಗ್ರೆಸ್ಸಿನವರು ರಾಜ್ಯಪಾಲರನ್ನು ಸಮರ್ಥಿಸಿದರು, ಎರಡನೇ ಸಲ ಬಿಜೆಪಿಯವರು. ಎರಡು ಸಲವೂ ಲಂಚದ ದೂರು ಹಿಡಿದು ಬೆಂಗಳೂರಿಗೆ ಹೋದವರಿಗೆ ಖಾಲಿ ಕುರ್ಚಿ ಸಿಕ್ಕಿತು.

ಹೊರದೇಶದಲ್ಲೂ ಇದೇ ಪಾಡು ಎಂಬುದಕ್ಕೆ ಒಂದೇ ಉದಾಹರಣೆ ಸಾಕು. 2016ರ ಮಾರ್ಚಿನಲ್ಲಿ ಅಮೆರಿಕದ ಅಧ್ಯಕ್ಷ ಒಬಾಮ ಅಲ್ಲಿನ ಸುಪ್ರೀಂ ಕೋರ್ಟಿಗೆ ಮೆರಿಕ್ ಗಾರ್ಲಂಡ್ ಹೆಸರು ಸೂಚಿಸಿದರು. ಸೆನೆಟ್ ಎದುರಾಳಿ ಪಕ್ಷದ ಕೈಯಲ್ಲಿತ್ತು. ಅವರು ಮತಕ್ಕೆ ಹಾಕಿ ಸೋಲಿಸಬಹುದಿತ್ತು, ಅಷ್ಟೂ ಮಾಡಲಿಲ್ಲ. ವಿಚಾರಣೆಯನ್ನೇ ಕರೆಯದೆ 293 ದಿನ ತಳ್ಳಿದರು, ಅವಧಿ ಮುಗಿದು ಹೆಸರು ತಾನಾಗಿ ಬಿತ್ತು. ಅವರ ಅಷ್ಟು ಹಳೆಯ ಸಂವಿಧಾನದಲ್ಲೂ ಮೌನಕ್ಕೆ ಮದ್ದು ಬರೆದಿರಲಿಲ್ಲ. ಇಂಗ್ಲೆಂಡಿನವರು 2005ರ ಕಾಯ್ದೆಯಲ್ಲಿ ಸ್ವಲ್ಪ ಬುದ್ಧಿ ತೋರಿಸಿದರು: ಆಯ್ಕೆ ಮಾಡುವುದು ಆಯೋಗ, ಮಂತ್ರಿಗೆ ಹೆಸರು ತಿರಸ್ಕರಿಸುವ ಹಕ್ಕುಂಟು, ಆದರೆ ಕಾರಣವನ್ನು ಬರೆದು ಕೊಡಬೇಕು.

ಇದೆಲ್ಲ ನಮ್ಮ ರಾವಂದೂರು ಹೋಬಳಿಗೆ ಯಾಕೆ ಎಂದು ಹಿಂದಿನ ಸಾಲಿನ ಹುಡುಗರು ಕೇಳಬಹುದು. ಪಿರಿಯಾಪಟ್ಟಣದ ಕೋರ್ಟಿನಲ್ಲಿ ಕೂರುವ ಸಿವಿಲ್ ನ್ಯಾಯಾಧೀಶರ ನೇಮಕಕ್ಕೆ ಹೈಕೋರ್ಟು ಅಧಿಸೂಚನೆ ಹೊರಡಿಸುತ್ತದೆ, ಪರೀಕ್ಷೆ ನಡೆಸುತ್ತದೆ, ಅಂಕಪಟ್ಟಿ ಹಾಕುತ್ತದೆ, ಮೀಸಲಾತಿಯೂ ಇದೆ. ನಿಮ್ಮಲ್ಲಿ ಯಾರು ಬೇಕಾದರೂ ಕಾನೂನು ಓದಿ ಅರ್ಜಿ ಹಾಕಬಹುದು. ಹೈಕೋರ್ಟಿಗೆ ಅರ್ಜಿಯೂ ಇಲ್ಲ, ಅಂಕವೂ ಇಲ್ಲ, ಮೀಸಲಾತಿಯೂ ಇಲ್ಲ. ಆದರೆ ನಮ್ಮ ಭಾಗದ ದೊಡ್ಡ ವ್ಯಾಜ್ಯಗಳು ಹೋಗಿ ನಿಲ್ಲುವುದು ಅಲ್ಲೇ. ನಾಗರಹೊಳೆ ಕಾಡಿನಿಂದ ಎಬ್ಬಿಸಿದ ಆದಿವಾಸಿಗಳ ವಿಚಾರ ಹೈಕೋರ್ಟಿಗೆ ಹೋದದ್ದರಿಂದಲೇ ಮೈಸೂರು ವಿಶ್ವವಿದ್ಯಾಲಯದ ಪ್ರೊ. ಮುಜಾಫರ್ ಅಸಾದಿಯವರ ಸಮಿತಿ ರಚನೆಯಾಯಿತು, 3418 ಕುಟುಂಬಗಳ ಲೆಕ್ಕ ಕಾಗದಕ್ಕೆ ಬಂತು. ಹುಣಸೂರು, ಎಚ್.ಡಿ. ಕೋಟೆ ತಾಲ್ಲೂಕಿನ ಹಾಡಿಗಳಲ್ಲಿ ಆ ಸಂಖ್ಯೆ ಇಂದಿಗೂ ಬಾಯಲ್ಲಿದೆ. ಕರ್ನಾಟಕ ಹೈಕೋರ್ಟಿಗೆ ಮಂಜೂರಾದ ಹುದ್ದೆ 62. ಅದರಲ್ಲಿ ಒಂದೊಂದು ಖಾಲಿ ಬಿದ್ದಾಗಲೂ ಇಂಥ ಅರ್ಜಿಗಳು ಇನ್ನೊಬ್ಬರ ಪಟ್ಟಿಯ ಬಾಲಕ್ಕೆ ಸೇರುತ್ತವೆ.

ಹಾಗಾದರೆ ಮಾಡಬೇಕಾದ್ದು? ಮೊದಲನೆಯದಾಗಿ, ಫೈಲು ಯಾವ ತಾರೀಕು ಯಾರ ಕೈ ಸೇರಿತು, ಯಾವ ತಾರೀಕು ಬಿಟ್ಟಿತು ಎಂಬುದನ್ನಷ್ಟೇ ಪ್ರಕಟಿಸಬೇಕು. ಕಾರಣಗಳನ್ನೆಲ್ಲ ಬೀದಿಗೆ ತರಬೇಕೆಂದು ನಾನು ಹೇಳುವುದಿಲ್ಲ; ಸುಳ್ಳು ದೂರೊಂದು ಜಾಲತಾಣಕ್ಕೆ ಬಂದರೆ ಆ ವಕೀಲರ ಬದುಕು ಹಾಳು. ಕಾರಣ ಬರಹದಲ್ಲಿ ಕೊಲಿಜಿಯಂಗೆ ಹೋಗಲಿ, ಸಂಬಂಧಪಟ್ಟವರಿಗೂ ತಿಳಿಯಲಿ. ತಾರೀಕು ಮಾತ್ರ ಎಲ್ಲರಿಗೂ ಕಾಣಲಿ. ತಾರೀಕು ಹಾಕಲು ಸಂವಿಧಾನ ತಿದ್ದಬೇಕಿಲ್ಲ. ಇನ್ನೊಂದು, ಗಡುವು ಮತ್ತು ಅದು ಮೀರಿದರೆ ಏನು ಎಂಬ ಉತ್ತರ. ಇದು ಕಷ್ಟದ್ದು. ರಾಜ್ಯಪಾಲರು ಮಸೂದೆಗಳ ಮೇಲೆ ಕೂರುವ ವಿಚಾರದಲ್ಲಿ, ಕೋರ್ಟು ತಾನಾಗಿ ಗಡುವು ವಿಧಿಸಲಾಗದು, ಗಡುವು ಮೀರಿದರೆ ಒಪ್ಪಿಗೆ ಸಿಕ್ಕಿದೆ ಎಂದು ಭಾವಿಸಲೂ ಆಗದು ಎಂದು 2025ರ ನವೆಂಬರ್ 20ರಂದು ಸುಪ್ರೀಂ ಕೋರ್ಟಿನ ಐವರ ಪೀಠ ಅಭಿಪ್ರಾಯಪಟ್ಟಿದೆ. ನ್ಯಾಯಮೂರ್ತಿಗಳ ನೇಮಕದ ಗಡುವಿಗೂ ಈ ವಾದವನ್ನು ನಾಳೆ ಯಾರಾದರೂ ಎಳೆದು ತರುತ್ತಾರೆ. ಆದ್ದರಿಂದ ಗಡುವು ಶಾಸನದ ಅಕ್ಷರದಲ್ಲೇ ಬರಬೇಕು. ಹೈಕೋರ್ಟಿನ ಮಟ್ಟಿಗೆ ಅದು ಸಂವಿಧಾನದ 217ನೇ ವಿಧಿಯ ತಿದ್ದುಪಡಿ. ವಿರೋಧದಲ್ಲಿದ್ದಾಗ ಎಲ್ಲರಿಗೂ ಬೇಕು, ಅಧಿಕಾರಕ್ಕೆ ಬಂದ ಮೇಲೆ ಯಾರಿಗೂ ಬೇಡ.

ಆದರೆ ಲೋಕಾಯುಕ್ತ ಕಾಯ್ದೆ ನಮ್ಮದು. ಅದನ್ನು ತಿದ್ದಲು ದೆಹಲಿಯಲ್ಲಿ ಯಾರ ಬಹುಮತವೂ ಬೇಕಿಲ್ಲ, ವಿಧಾನಸಭೆ ಮತ್ತು ಪರಿಷತ್ತು ಸಾಕು. ಅದರ ಮೂರನೇ ಕಲಮಿಗೆ ಎರಡು ಸಾಲು ಸೇರಿಸಬೇಕು: ಕೇಳಬೇಕಾದ ಐವರು ಆರು ವಾರದಲ್ಲಿ ಉತ್ತರ ಕೊಡದಿದ್ದರೆ ಅವರಿಗೆ ಹೇಳುವುದೇನೂ ಇಲ್ಲವೆಂದು ಭಾವಿಸತಕ್ಕದ್ದು, ರಾಜ್ಯಪಾಲರು ಹೆಸರು ವಾಪಸು ಕಳಿಸುವುದಾದರೆ ಇಷ್ಟು ದಿನದೊಳಗೆ, ಒಂದೇ ಬಾರಿ, ಕಾರಣ ಬರೆದು ಕಳಿಸತಕ್ಕದ್ದು. ಆರು ವಾರ ಎಂಬುದು ನನ್ನ ಲೆಕ್ಕವಲ್ಲ, ಹೈಕೋರ್ಟಿನ ನೇಮಕದಲ್ಲಿ ರಾಜ್ಯಗಳಿಗೆ ದೆಹಲಿಯೇ ಹಾಕಿದ ಗಡುವು. ಮಸೂದೆಗೆ ರಾಜ್ಯಪಾಲರ ಅಂಕಿತ ಬೇಕು, ಅವರ ಕೈ ಕಟ್ಟುವ ಮಸೂದೆಗೆ ಅವರು ಬೇಗ ಅಂಕಿತ ಹಾಕುತ್ತಾರೆಂದು ನಾನೇನೂ ನಂಬಿಲ್ಲ. ಹಾಗಾದರೆ ಆಗಲಿ, ಆ ಫೈಲಿಗೂ ತಾರೀಕು ಹಾಕಿ ಕಳಿಸೋಣ. ಖಾಸಗಿ ವಿಧೇಯಕ ತರುವ ಹಕ್ಕು ಪ್ರತಿ ಶಾಸಕರಿಗೂ ಇದೆ. ಕರಡನ್ನು ಅರ್ಧ ಪುಟದಲ್ಲಿ ಬರೆದು ತಂದಿದ್ದೇನೆ. ಸಭೆ ಮುಗಿದ ಮೇಲೆ ಓದಿ, ತಿದ್ದುವುದಿದ್ದರೆ ತಿದ್ದಿ ಕೊಡಿ.